ಕಾಲ್ನಡಿಗೆಯಲ್ಲಿ ನಮ್ಮ ನೆಲವನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ನಮ್ಮ ಬಳ್ಳಾರಿ ಸೀಮೆಯವರಿಗೆ ಕಲ್ಲು ಹೊಸದಲ್ಲ. ಹುಟ್ಟಿದಂದಿನಿಂದ ಬಂಡೆಗಳ ನಡುವೆಯೇ ಬೆಳೆದವರು ನಾವು. ಎರೆ ಹೊಲ ಯಾವುದು, ಮಸಾರಿ ಹೊಲ ಯಾವುದು ಎಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲಿ ತೋಡಿದರೆ ನೀರು ಬಿದ್ದೀತು, ಎಲ್ಲಿ ತೋಡಿದರೆ ಗಟ್ಟಿ ಬಂಡೆ ಅಡ್ಡ ಬಂದೀತು ಎಂದು ಬಾವಿ ತೋಡುವವರು ಮಣ್ಣು ನೋಡಿಯೇ ಅಂದಾಜು ಹೇಳುತ್ತಾರೆ. ಆದರೆ ಹಂಪಿಯ ಕಡೆ ಬೂದುಬಣ್ಣದ ಗುಂಡುಬಂಡೆಗಳೂ ಸಂಡೂರಿನ ಕಡೆ ಕೆಂಪು ಬೆಟ್ಟಗಳೂ ಏಕಿವೆ, ಒಂದು ಹೊಲ ಕಪ್ಪಾಗಿ ಇನ್ನೊಂದು ಕೆಂಪಾಗಿ ಏಕಿದೆ ಎಂದು ಮಕ್ಕಳು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಈ ಪ್ರಶ್ನೆಗಳನ್ನು ನೂರ ನಲವತ್ತು ವರ್ಷಗಳ ಹಿಂದೆ ತಾನೇ ಕೇಳಿಕೊಂಡು, ಉತ್ತರಕ್ಕಾಗಿ ಇದೇ ದಾರಿಗಳಲ್ಲಿ ಸುತ್ತಿಗೆ ಹಿಡಿದು ನಡೆದ ಒಬ್ಬ ಮನುಷ್ಯನ ಜೀವನವನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇನೆ. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಬಾಲ್ಯ ಮತ್ತು ಉದ್ಯೋಗ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. ಅವರ ಯೌವನದ ಕಾಲದಲ್ಲಿ ಭೂವಿಜ್ಞಾನ ಹೊಸ ಶಾಸ್ತ್ರವಾಗಿತ್ತು. ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷವಲ್ಲ, ಊಹೆಗೆ ಮೀರಿದಷ್ಟು ಎಂಬ ಮಾತು ಯುರೋಪಿನಲ್ಲಿ ಆಗತಾನೇ ವಿದ್ವಾಂಸರ ಮನಸ್ಸಿನಲ್ಲಿ ನೆಲೆಯೂರುತ್ತಿತ್ತು. ಇತ್ತ ಭಾರತದಲ್ಲಿ 1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸ್ಥಾಪನೆಯಾಯಿತು. ಅದರ ಮುಖ್ಯಸ್ಥರು ಥಾಮಸ್ ಓಲ್ಡ್‌ಹ್ಯಾಮ್. ಇಲಾಖೆ ಹುಟ್ಟಿದ್ದಕ್ಕೆ ಮೊದಲ ಕಾರಣ ಜ್ಞಾನದಾಹವಲ್ಲ, ಕಲ್ಲಿದ್ದಲು. ರೈಲಿಗೂ ಹಡಗಿಗೂ ಇದ್ದಿಲು ಬೇಕಾಗಿತ್ತು. ಅದು ಎಲ್ಲಿದೆ ಎಂದು ತಿಳಿಯಬೇಕಾದರೆ ನೆಲದೊಳಗೆ ಯಾವ ಕಲ್ಲು ಎಲ್ಲಿದೆ ಎಂಬ ನಕ್ಷೆ ಬೇಕಾಗಿತ್ತು.

1858ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ ಫೂಟ್ ಈ ಇಲಾಖೆಗೆ ಸೇರಿದರು. ಅವರನ್ನು ಮದರಾಸು ಪ್ರಾಂತ್ಯಕ್ಕೆ ಹಾಕಿದರು. ಮುಂದಿನ ಮೂವತ್ತಮೂರು ವರ್ಷ ಅವರ ಉದ್ಯೋಗ ದಕ್ಷಿಣ ಭಾರತದ ನೆಲವನ್ನು ನಡೆದು ನೋಡುವುದು. ತಮಿಳು ವಿದ್ವಾಂಸರಾಗಿದ್ದ ಪಾದ್ರಿ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾದರು. ನೌಕರಿಗೆಂದು ಬಂದು ಅವಧಿ ಮುಗಿದ ಮೇಲೆ ಹಡಗು ಹತ್ತಿದವರ ಸಾಲಿಗೆ ಅವರು ಸೇರಲಿಲ್ಲ. ಈ ನೆಲದಲ್ಲೇ ಮುದುಕರಾದರು, ಈ ನೆಲದಲ್ಲೇ ತೀರಿಕೊಂಡರು.

ಕ್ಷೇತ್ರಕಾರ್ಯವೆಂದರೆ ಏನು

ಆಗಿನ ಭೂವಿಜ್ಞಾನಿಯ ಕೆಲಸ ಹೇಗಿತ್ತೆಂದು ನಮ್ಮ ಮಕ್ಕಳು ತಿಳಿಯಬೇಕು. ಮಳೆಗಾಲ ಮುಗಿದು ಹಳ್ಳಗಳು ಇಳಿದ ಮೇಲೆ ಕ್ಷೇತ್ರಕಾರ್ಯ ಶುರು. ಡೇರೆ, ಪಾತ್ರೆ, ಪುಸ್ತಕಗಳನ್ನು ಎತ್ತಿನ ಬಂಡಿಗೆ ಹೇರಿ ಊರಿಂದೂರಿಗೆ ಸಾಗಬೇಕು. ಬಿಸಿಲು ತಡೆಯಲಾರದಷ್ಟಾದಾಗ ಕಚೇರಿಗೆ ಮರಳಿ, ತಂದ ಕಲ್ಲುಗಳನ್ನು ಪರೀಕ್ಷಿಸಿ, ನಕ್ಷೆ ಬರೆದು ವರದಿ ಸಿದ್ಧಮಾಡಬೇಕು. ಮತ್ತೆ ಮಳೆ ನಿಂತ ಮೇಲೆ ಡೇರೆ. ಹೀಗೆ ವರ್ಷದ ಮೇಲೆ ವರ್ಷ.

ಕೈಯಲ್ಲಿದ್ದ ಉಪಕರಣಗಳು ಬಹಳ ಸರಳ. ಕಲ್ಲೊಡೆಯಲು ಸುತ್ತಿಗೆ, ದಿಕ್ಕು ತಿಳಿಯಲು ದಿಕ್ಸೂಚಿ, ಪದರ ಎಷ್ಟು ಓರೆಯಾಗಿದೆ ಎಂದು ಅಳೆಯಲು ಒಂದು ಕೋನಮಾಪಕ, ಕಣ್ಣಿಗೆ ಹಿಡಿಯುವ ಭೂತಗನ್ನಡಿ, ಒಂದು ಟಿಪ್ಪಣಿ ಪುಸ್ತಕ. ಬಂಡೆಯ ಹೊರಮೈ ಬಿಸಿಲು ಮಳೆಗೆ ಬಣ್ಣಗೆಟ್ಟಿರುತ್ತದೆ. ಆದ್ದರಿಂದ ಒಡೆದು ಹೊಸ ಮುಖ ನೋಡಬೇಕು. ಅದರಲ್ಲಿ ಯಾವ ಯಾವ ಹರಳುಗಳಿವೆ, ಅವು ದಪ್ಪವೋ ಸಣ್ಣವೋ, ಪಟ್ಟೆಪಟ್ಟೆಯಾಗಿವೆಯೋ ಎಂದು ಗಮನಿಸಬೇಕು. ಪದರಗಳು ಯಾವ ದಿಕ್ಕಿಗೆ ಸಾಗುತ್ತವೆ, ಯಾವ ಕಡೆಗೆ ವಾಲಿವೆ ಎಂದು ಬರೆದುಕೊಳ್ಳಬೇಕು. ಒಂದು ಜಾತಿಯ ಕಲ್ಲು ಮುಗಿದು ಇನ್ನೊಂದು ಜಾತಿಯ ಕಲ್ಲು ಶುರುವಾಗುವ ಗಡಿಯನ್ನು ಹುಡುಕಿ ನಕ್ಷೆಯಲ್ಲಿ ಗೆರೆ ಎಳೆಯಬೇಕು.

ಈ ಗಡಿಯೇ ಮುಖ್ಯ. ಎರಡು ಕಲ್ಲು ಕೂಡುವ ಜಾಗದಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂಬುದು ಗೊತ್ತಾಗುತ್ತದೆ. ಮೇಲಿನ ಪದರದ ಬುಡದಲ್ಲಿ ಕೆಳಗಿನ ಕಲ್ಲಿನ ಉರುಟು ಚೂರುಗಳು ಸೇರಿಕೊಂಡಿದ್ದರೆ, ಕೆಳಗಿನದು ಮೊದಲೇ ಇತ್ತು, ಸವೆದು ಚೂರಾಗಿತ್ತು, ಆಮೇಲೆ ಮೇಲಿನದು ಕೂತಿತು ಎಂದರ್ಥ. ಒಂದು ಕಲ್ಲು ಇನ್ನೊಂದನ್ನು ಸೀಳಿಕೊಂಡು ಗೋಡೆಯ ಹಾಗೆ ಎದ್ದಿದ್ದರೆ, ಸೀಳಿದ್ದು ಹೊಸದು. ಆದರೆ ಬಹುಪಾಲು ಗಡಿ ಮಣ್ಣಿನಡಿ ಮುಚ್ಚಿಹೋಗಿರುತ್ತದೆ. ಹಳ್ಳದ ದಂಡೆ, ಬಾವಿಯ ಗೋಡೆ, ರಸ್ತೆಗೆ ಕಡಿದ ದಿಬ್ಬ, ಹೀಗೆ ನೆಲ ತೆರೆದುಕೊಂಡ ಕಡೆಯೆಲ್ಲ ಹೋಗಿ ನೋಡಬೇಕು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಇದಲ್ಲ.

ಪಲ್ಲಾವರಂನ ಕಲ್ಲು

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ, ಜಂಬಿಟ್ಟಿಗೆ ಜಾತಿಯ ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಫೂಟ್ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಅಂತಹ ಕಲ್ಲನ್ನು ನಾವಾಗಿದ್ದರೆ ಕಾಲಲ್ಲಿ ಒದ್ದು ಮುಂದೆ ಹೋಗುತ್ತಿದ್ದೆವು. ಅದರ ಅಂಚು ಒಂದೇ ಕಡೆಯಿಂದ ಒಡೆದದ್ದಲ್ಲ, ಎರಡೂ ಕಡೆಯಿಂದ ಚಕ್ಕೆ ತೆಗೆದು ಹದಮಾಡಿದ್ದು ಎಂದು ಅವರು ಗಮನಿಸಿದರು. ಹರಿಯುವ ನೀರು ಕಲ್ಲನ್ನು ಉರುಟು ಮಾಡುತ್ತದೆ, ಹೀಗೆ ಚೂಪು ಮಾಡುವುದಿಲ್ಲ. ಇದು ಮನುಷ್ಯನ ಕೈ ಮಾಡಿದ ಆಯುಧ.

ಈ ತೀರ್ಮಾನಕ್ಕೆ ಆಗ ಎಷ್ಟು ಧೈರ್ಯ ಬೇಕಿತ್ತು ಎಂಬುದನ್ನು ನೋಡಬೇಕು. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ಬೂಷೆ ದ ಪೆರ್ತ್ ಎಂಬವರು, ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆ ಇಂತಹ ಆಯುಧಗಳು ಸಿಗುತ್ತವೆ ಎಂದು ಬಹಳ ವರ್ಷ ಹೇಳುತ್ತಾ ಬಂದಿದ್ದರು. ಯಾರೂ ಕಿವಿಗೊಟ್ಟಿರಲಿಲ್ಲ. 1859ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಅಲ್ಲಿಗೆ ಹೋಗಿ ನೋಡಿಬಂದ ಮೇಲೆಯೇ ಅದಕ್ಕೆ ಮನ್ನಣೆ ದೊರೆತದ್ದು. ಅದಾಗಿ ನಾಲ್ಕೇ ವರ್ಷಕ್ಕೆ, ಭಾರತದಲ್ಲೂ ಅಷ್ಟೇ ಹಿಂದಿನ ಕಾಲದಲ್ಲಿ ಮನುಷ್ಯನಿದ್ದ ಎಂದು ಇಪ್ಪತ್ತೆಂಟು ವರ್ಷದ ಈ ನೌಕರ ಹೇಳಬೇಕಾಗಿತ್ತು. ಒಂದೇ ಕಲ್ಲು ಸಿಕ್ಕಿದರೆ ಜನ ನಂಬುವುದಿಲ್ಲ. ಆದ್ದರಿಂದ ಅವರು ಹುಡುಕುತ್ತಾ ಹೋದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಹೋದಾಗ ಅಂತಹ ಕೈಗೊಡಲಿಗಳು ಅಲುಗಾಡದ ಪದರದಲ್ಲೇ ಸಿಕ್ಕವು. ಮೇಲ್ಮೈಯಲ್ಲಿ ಬಿದ್ದ ಕಲ್ಲನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಎಸೆದಿರಬಹುದು. ಪದರದೊಳಗೆ ಹುದುಗಿದ್ದು ಆ ಪದರದಷ್ಟೇ ಹಳೆಯದು. ಆಯುಧ ಹುಡುಕುವವರಿಗೆ ಭೂವಿಜ್ಞಾನ ಏಕೆ ಬೇಕು ಎಂಬುದು ಇಲ್ಲಿ ತಿಳಿಯುತ್ತದೆ.

ಭಾರತದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದ್ದು ಅದೇ ಮೊದಲು. ಫೂಟ್ ಅವರನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಕರೆಯುವುದು ಇದೇ ಕಾರಣಕ್ಕೆ. ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ನಮ್ಮ ಕಾಲದಲ್ಲಿ ಮತ್ತೆ ಉತ್ಖನನ ಮಾಡಿ, ಅಲ್ಲಿನ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ಪ್ರಕಟಿಸಿದರು. ಫೂಟ್ ಅವರ ಬಳಿ ವಯಸ್ಸು ಅಳೆಯುವ ಯಂತ್ರ ಇರಲಿಲ್ಲ. ಬಹಳ ಹಳೆಯದು ಎಂದಷ್ಟೇ ಅವರು ಹೇಳಬಲ್ಲವರಾಗಿದ್ದರು. ಅಷ್ಟನ್ನು ಸರಿಯಾಗಿಯೇ ಹೇಳಿದರು.

ಕನ್ನಡ ನಾಡಿನಲ್ಲಿ

ಆಮೇಲೆ ಫೂಟ್ ನಮ್ಮ ಕಡೆಗೆ ಬಂದರು. ಬೆಳಗಾವಿ, ಬಾಗಲಕೋಟೆ, ಬಾದಾಮಿ, ವಿಜಯಪುರ, ಧಾರವಾಡದ ಸೀಮೆಗಳನ್ನು ಸುತ್ತಿ ಬರೆದ ಅವರ ದೊಡ್ಡ ವರದಿ 1876ರಲ್ಲಿ ಅಚ್ಚಾಯಿತು. ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಮರಳುಗಲ್ಲು, ಬಾಗಲಕೋಟೆಯ ಸುಣ್ಣಕಲ್ಲು ಇವೆಲ್ಲ ಒಂದೇ ಕುಟುಂಬದವು ಎಂದು ಗುರುತಿಸಿ ಅದಕ್ಕೆ ಕಲಾದಗಿ ಎಂಬ ಊರಿನ ಹೆಸರನ್ನೇ ಇಟ್ಟರು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸೇರಿದ ಕುಟುಂಬಕ್ಕೆ ಭೀಮಾ ನದಿಯ ಹೆಸರು ಬಂತು. ಇವುಗಳ ಮೇಲೆ ಉತ್ತರದ ಕಡೆ ಹರಡಿರುವ ಕಪ್ಪು ಕಲ್ಲು ಲಾವಾರಸ ಹರಿದು ಗಟ್ಟಿಯಾದದ್ದು. ಅದು ಸವೆದು ಆ ಸೀಮೆಯ ಎರೆ ಮಣ್ಣಾಯಿತು.

ಗೋಕಾಕ್ ಸಮೀಪದ ಹಳ್ಳದ ದಂಡೆಯೊಂದರಲ್ಲಿ ಅವರಿಗೆ ಘೇಂಡಾಮೃಗದ ಎಲುಬುಗಳು ಸಿಕ್ಕವು. ಇಂದು ಘೇಂಡಾಮೃಗ ನೋಡಬೇಕಾದರೆ ಅಸ್ಸಾಮಿಗೆ ಹೋಗಬೇಕು. ಒಂದು ಕಾಲದಲ್ಲಿ ಅದು ಘಟಪ್ರಭೆಯ ಸೀಮೆಯಲ್ಲಿ ಮೇಯುತ್ತಿತ್ತು. 1874ರಲ್ಲಿ ಅವರು ಅದನ್ನು ವಿವರಿಸಿ, ದಖನ್ನಿನ ಹೆಸರಿನಿಂದಲೇ ಆ ಜಾತಿಗೆ ನಾಮಕರಣ ಮಾಡಿದರು. ಮಲಪ್ರಭೆಯ ಕಣಿವೆಯಲ್ಲೂ ಹಳೆ ಶಿಲಾಯುಗದ ಆಯುಧಗಳನ್ನು ಕಂಡರು.

ಅದೇ 1874ರಲ್ಲಿ ಡಂಬಳದ ಬೆಟ್ಟಗಳ, ಅಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ಬಗ್ಗೆ ಅವರ ಲೇಖನ ಪ್ರಕಟವಾಯಿತು. ಆ ಬೆಟ್ಟದ ಹಳ್ಳಗಳಲ್ಲಿ ಜಲಗಾರರು ಮಳೆಯ ನಂತರ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. ಅದು ಅವರ ತಲೆತಲಾಂತರದ ಕಸುಬು. ಯಾವ ಹಳ್ಳದ ಮರಳಿನಲ್ಲಿ ಚಿನ್ನ ಇದೆ, ಯಾವುದರಲ್ಲಿ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಹಳ್ಳದಲ್ಲಿ ಚಿನ್ನ ಇದೆಯೆಂದರೆ ಅದು ಮೇಲಿನ ಯಾವುದೋ ಕಲ್ಲಿನಿಂದ ಇಳಿದು ಬಂದಿರಬೇಕು. ಆ ಕಲ್ಲು ಯಾವುದು? ಇದು ಭೂವಿಜ್ಞಾನಿಯ ಪ್ರಶ್ನೆ. ಕಸುಬಿನವರ ತಿಳಿವಳಿಕೆ ಮತ್ತು ಶಾಸ್ತ್ರದ ಪ್ರಶ್ನೆ ಎರಡೂ ಕೂಡಿದಾಗಲೇ ಉತ್ತರದ ದಾರಿ ಕಾಣುವುದು.

ಧಾರವಾಡದ ಹೆಸರು ಜಗತ್ತಿಗೆ

1880ರ ದಶಕದಲ್ಲಿ ಫೂಟ್ ಬಳ್ಳಾರಿ, ಅನಂತಪುರ, ರಾಯಚೂರು ಸೀಮೆಗಳಲ್ಲಿ ಮತ್ತು ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳಲ್ಲಿ ಓಡಾಡಿದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. 1876ರಿಂದ 78ರವರೆಗಿನ ಮಹಾಕ್ಷಾಮ ಇಲ್ಲಿನ ಹಳ್ಳಿಗಳನ್ನು ಬರಿದು ಮಾಡಿ ಇನ್ನೂ ಹತ್ತು ವರ್ಷ ಕಳೆದಿರಲಿಲ್ಲ. ಅಂತಹ ದಿನಗಳಲ್ಲಿ ಅವರು ಇಲ್ಲಿ ನಡೆದರು.

ಎಲ್ಲ ಕಡೆ ಅವರಿಗೆ ಒಂದೇ ಚಿತ್ರ ಕಾಣುತ್ತಿತ್ತು. ನಾಡಿನ ಬಹುಭಾಗ ಗ್ರಾನೈಟು ಮತ್ತು ಪಟ್ಟೆಪಟ್ಟೆಯ ನೈಸ್ ಕಲ್ಲು. ಅದರ ನಡುವೆ ಅಲ್ಲಲ್ಲಿ, ಹೆಚ್ಚಾಗಿ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಉದ್ದುದ್ದ ಪಟ್ಟಿಗಳಾಗಿ ಬೇರೊಂದು ಜಾತಿಯ ಕಲ್ಲು. ಹಸಿರು ಛಾಯೆಯ ಪದರುಕಲ್ಲು, ಕಬ್ಬಿಣದ ಪಟ್ಟೆಗಳುಳ್ಳ ಕೆಂಪು ಬೆಣಚುಕಲ್ಲು, ಹಳೆಯ ಲಾವಾ. ಧಾರವಾಡ ಊರು ನಿಂತಿರುವುದು ಇದರ ಮೇಲೆ, ಕಪ್ಪತಗುಡ್ಡ ಇದರದೇ, ಸಂಡೂರಿನ ಬೆಟ್ಟಗಳು ಇದರವೇ, ಮಸ್ಕಿ ಹಟ್ಟಿಗಳ ಕಡೆಯೂ ಇದೇ, ದೂರದ ಕೋಲಾರದಲ್ಲೂ ಇದೇ. ಇವೆಲ್ಲವನ್ನೂ ಒಂದೇ ಗುಂಪೆಂದು ಕಂಡು, ಸುತ್ತಲಿನ ನೈಸ್ ಕಲ್ಲಿನಿಂದ ಬೇರ್ಪಡಿಸಿ, 1886ರ ಹೊತ್ತಿಗೆ ಅದಕ್ಕೆ ಧಾರವಾಡ ಶ್ರೇಣಿ ಎಂದು ಹೆಸರಿಟ್ಟರು. 1888 ಮತ್ತು 89ರಲ್ಲಿ ಬರೆದ ಲೇಖನಗಳಲ್ಲಿ ದಕ್ಷಿಣ ಭಾರತದ ಚಿನ್ನವೆಲ್ಲ ಮುಖ್ಯವಾಗಿ ಈ ಶ್ರೇಣಿಯಲ್ಲೇ ಇದೆ ಎಂದು ತೋರಿಸಿದರು. ಚಿನ್ನ ಹುಡುಕುವವರು ಇಡೀ ನಾಡನ್ನು ಅಗೆಯಬೇಕಾಗಿಲ್ಲ, ಈ ಪಟ್ಟಿಗಳನ್ನು ನೋಡಿದರೆ ಸಾಕು ಎಂಬುದು ಅದರ ಪ್ರಯೋಜನ. ಇಂದು ಜಗತ್ತಿನ ಯಾವ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಹೋದರೂ ಧಾರವಾಡದ ಹೆಸರು ಗೊತ್ತಿರುತ್ತದೆ. ಅಲ್ಲಿ ಅದು ಪೇಡೆಯ ಊರಲ್ಲ, ಭೂಮಿಯ ಅತಿ ಹಳೆಯ ತೊಗಟೆಗಳಲ್ಲೊಂದರ ಹೆಸರು.

ಸಂಡೂರಿಗೆ ಹೋದವರೆಲ್ಲ ನಾರಿಹಳ್ಳ ಬೆಟ್ಟವನ್ನು ಸೀಳಿಕೊಂಡು ಹರಿಯುವ ಗಂಡಿಗಳನ್ನು ನೋಡಿದ್ದೀರಿ. ಅಂತಹ ಕಡೆ ಬೆಟ್ಟದ ಹೊಟ್ಟೆಯೊಳಗಿನ ಪದರಗಳು ಪುಸ್ತಕದ ಹಾಳೆಗಳಂತೆ ಕಾಣುತ್ತವೆ. ಒಂದು ಬದಿಯ ಬೆಟ್ಟದಲ್ಲಿ ಪದರಗಳು ಒಳಗೆ ವಾಲಿದರೆ ಎದುರು ಬದಿಯವೂ ಒಳಕ್ಕೇ ವಾಲಿರುತ್ತವೆ. ಅಂದರೆ ಇಡೀ ಸಂಡೂರು ಕಣಿವೆ ಒಂದು ದೋಣಿಯಂತೆ ಮಡಿಚಿಕೊಂಡ ಕಲ್ಲಿನ ಪದರ. 1895ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಭೂರಚನೆ ಕುರಿತ ಗ್ರಂಥದಲ್ಲಿ ಅವರು ಈ ಬೆಟ್ಟಗಳನ್ನೂ ಅವುಗಳ ಕಬ್ಬಿಣದ ಅದಿರನ್ನೂ ವಿವರವಾಗಿ ಬರೆದಿದ್ದಾರೆ.

ವಾದ ವಿವಾದ

ಧಾರವಾಡದ ಕಲ್ಲು ನೈಸ್ ಕಲ್ಲಿನ ಮೇಲೆ ಕೂತಿದೆ, ಆದ್ದರಿಂದ ನೈಸ್ ಹಳೆಯದು, ಧಾರವಾಡದ್ದು ಹೊಸದು ಎಂಬುದು ಫೂಟ್ ಅವರ ತೀರ್ಮಾನ. ಅವರ ನಂತರ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಮುಖ್ಯಸ್ಥರಾದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. ಧಾರವಾಡದ ಕಲ್ಲೇ ಎಲ್ಲಕ್ಕಿಂತ ಹಳೆಯದು, ನೈಸ್ ಆಮೇಲೆ ಕರಗಿದ ಸ್ಥಿತಿಯಲ್ಲಿ ಕೆಳಗಿನಿಂದ ನುಗ್ಗಿ ಬಂತು ಎಂಬುದು ಅವರ ವಾದ. ಅವರೂ ಕಾಣದೆ ಹೇಳಿದವರಲ್ಲ. ಕೆಲವು ಕಡೆ ನೈಸಿನೊಳಗೆ ಹಸಿರು ಕಲ್ಲಿನ ತುಂಡುಗಳು ಸಿಕ್ಕಿಕೊಂಡಿರುವುದು ಕಣ್ಣಿಗೆ ಕಾಣುವ ಸಂಗತಿ. ದಶಕಗಳ ಕಾಲ ಮೈಸೂರಿನಲ್ಲಿ ಸ್ಮೀತರ ಮಾತೇ ನಡೆಯಿತು. ಮುಂದೆ ಸಿ. ಎಸ್. ಪಿಚ್ಚಮುತ್ತು ಮೊದಲಾದ ನಮ್ಮವರೇ ಆದ ಭೂವಿಜ್ಞಾನಿಗಳು ಧಾರವಾಡದ ಪದರಗಳಲ್ಲಿ ನೀರಿನಡಿ ಮರಳು ಕೂತ ಗುರುತುಗಳನ್ನು ತೋರಿಸಿದರು. ಕಲ್ಲಿನೊಳಗಿನ ವಿಕಿರಣ ಧಾತುಗಳಿಂದ ವಯಸ್ಸು ಅಳೆಯುವ ವಿಧಾನ ಬಂದ ಮೇಲೆ ಸಂಗತಿ ಸ್ಪಷ್ಟವಾಯಿತು. ನೈಸ್ ಕಲ್ಲಿನ ಬಹುಭಾಗ 300 ಕೋಟಿ ವರ್ಷಕ್ಕೂ ಹಿಂದಿನದು. ಧಾರವಾಡ ಶ್ರೇಣಿಯ ಮುಖ್ಯ ಭಾಗ ಅದರ ಮೇಲೆ ಆಮೇಲೆ ಕೂತದ್ದು. ನೈಸಿನೊಳಗೆ ಸಿಕ್ಕಿಕೊಂಡ ತುಂಡುಗಳು ಅದಕ್ಕೂ ಹಿಂದಿನ ಬೇರೊಂದು ಗುಂಪಿನವು. ಹೀಗೆ ಮುಖ್ಯ ವಿಷಯದಲ್ಲಿ ಫೂಟ್ ಹೇಳಿದ್ದೇ ಉಳಿಯಿತು, ಸ್ಮೀತ್ ಕಂಡದ್ದೂ ಸುಳ್ಳಾಗಲಿಲ್ಲ. ಇಬ್ಬರೂ ನೆಲವನ್ನು ನೋಡಿಯೇ ಮಾತಾಡಿದ್ದರಿಂದ ಮುಂದಿನವರು ಅದೇ ಜಾಗಗಳಿಗೆ ಹೋಗಿ ಮರುಪರೀಕ್ಷೆ ಮಾಡಲು ಸಾಧ್ಯವಾಯಿತು.

ಬೂದಿಯ ದಿಬ್ಬ

ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಹತ್ತಿರದ ಕಥೆ ಬೂದಿ ದಿಬ್ಬಗಳದು. ಕುಡತಿನಿಯಲ್ಲಿ ರಸ್ತೆಗೆ ಕಾಣುವಂತೆಯೇ ಒಂದಿದೆ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಇಂತಹವು ಹಲವು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಬೇರೆ ಕಡೆ ರಕ್ಕಸರನ್ನು ಸುಟ್ಟ ಬೂದಿ ಎಂಬ ಕಥೆಗಳಿವೆ. ಜನರ ಕಥೆಯಲ್ಲಿ ಒಂದು ನಿಜವಂತೂ ಇತ್ತು: ಅದು ಬೂದಿ, ಮತ್ತು ಬಹಳ ಹಿಂದಿನದು. ಓದಿದವರಲ್ಲಿ ಕೆಲವರು ಅದನ್ನು ಜ್ವಾಲಾಮುಖಿಯ ಬೂದಿ ಎಂದರು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸಿವೆಲ್ ಅವರು ಅದನ್ನು ವಿಜಯನಗರ ಕಾಲದ ದಹನದ ಬೂದಿ ಎಂದು ಊಹಿಸಿದರು.

ಫೂಟ್ ದಿಬ್ಬಗಳಿಗೇ ಹೋಗಿ ನೋಡಿದರು. ಜ್ವಾಲಾಮುಖಿಯ ಬೇರೆ ಯಾವ ಗುರುತೂ ಸುತ್ತ ಇರಲಿಲ್ಲ. ದಿಬ್ಬದಲ್ಲಿ ಮತ್ತು ಅದರ ಆಸುಪಾಸಿನಲ್ಲಿ ನಯಮಾಡಿದ ಕಲ್ಲಿನ ಕೊಡಲಿಗಳು, ಕೈಯಿಂದ ಮಾಡಿದ ಮಡಕೆಯ ಚೂರುಗಳು, ದನದ ಎಲುಬುಗಳು ಸಿಕ್ಕವು. ಹಾಗಾದರೆ ಇದು ಹೊಸ ಶಿಲಾಯುಗದ ದನಗಾಹಿಗಳ ನೆಲೆ. ದನ ಕೂಡಿಹಾಕಿದ ದೊಡ್ಡಿಯಲ್ಲಿ ಸಗಣಿ ರಾಶಿಯಾಗಿ, ಅದಕ್ಕೆ ಮತ್ತೆ ಮತ್ತೆ ಬೆಂಕಿ ಬಿದ್ದು, ಬೂದಿ ಕರಗಿ ಕಿಟ್ಟದಂತೆ ಗಟ್ಟಿಯಾಗಿ ದಿಬ್ಬವಾಯಿತು ಎಂದು ಅವರು ತೀರ್ಮಾನಿಸಿದರು. ಆಗ ಇದನ್ನು ಎಲ್ಲರೂ ಒಪ್ಪಲಿಲ್ಲ. 1957ರಲ್ಲಿ ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಇಂತಹ ದಿಬ್ಬವನ್ನು ಅಗೆದಾಗ ಸುತ್ತಲಿನ ಬೇಲಿಗೂಟದ ಗುಳಿಗಳೂ ಬೂದಿಯ ನಡುವೆ ದನದ ಗೊರಸಿನ ಗುರುತುಗಳೂ ಕಂಡವು. ಕೆಲವೇ ವರ್ಷಗಳಲ್ಲಿ ಕುಡತಿನಿಯ ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಜಾಯ್ನರ್ ಅದು ಸಗಣಿಯ ಬೂದಿಯೇ ಎಂದು ಖಚಿತಪಡಿಸಿದರು. ಅಷ್ಟರಲ್ಲಿ ಫೂಟ್ ತೀರಿಕೊಂಡು ಸುಮಾರು ಅರ್ಧ ಶತಮಾನವಾಗಿತ್ತು.

ಸಂಗನಕಲ್ಲು ಕುಪ್ಪಗಲ್ಲುಗಳ ಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಗೋಡೆಯಂತೆ ಎದ್ದ ಕರಿಕಲ್ಲಿನ ಸಾಲೊಂದಿದೆ. ಹೊಸ ಶಿಲಾಯುಗದವರು ಆ ಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದರು. ಮಾಡುವಾಗ ಮುರಿದವು, ಅರ್ಧಕ್ಕೆ ಬಿಟ್ಟವು, ಚಕ್ಕೆಗಳು ಅಲ್ಲಿ ರಾಶಿರಾಶಿ. ಇದು ಬರೀ ವಾಸದ ಜಾಗವಲ್ಲ, ಕೊಡಲಿ ತಯಾರಿಸುವ ಕಾರ್ಖಾನೆ ಎಂದು ಫೂಟ್ ಬರೆದಿಟ್ಟರು. ಗ್ರಾನೈಟು ಬಿಟ್ಟು ಕರಿಕಲ್ಲನ್ನೇ ಏಕೆ ಆರಿಸಿದರು ಎಂಬುದು ಕಲ್ಲು ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಕರಿಕಲ್ಲಿನ ಹರಳು ಬಹಳ ಸಣ್ಣದು, ಗಟ್ಟಿ. ಅದರ ಅಂಚು ಉದುರದೆ ನಿಲ್ಲುತ್ತದೆ. ಐದು ಸಾವಿರ ವರ್ಷಗಳ ಹಿಂದೆ ಇಲ್ಲಿದ್ದವರೂ ತಮ್ಮದೇ ರೀತಿಯಲ್ಲಿ ಕಲ್ಲನ್ನು ಬಲ್ಲವರಾಗಿದ್ದರು.

ಕೊನೆಯ ವರ್ಷಗಳು

1884ರಲ್ಲಿ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳ ಅಗೆತ ಫೂಟ್ ಅವರ ಪಾಲಿಗೆ ಬಂತು. ಸೈನ್ಯದಲ್ಲಿದ್ದ ಮಗ ಹೆನ್ರಿ ಅವರ ಜೊತೆ ಸೇರಿ ದುಡಿದರು. ಅಳಿದುಹೋದ ಘೇಂಡಾಮೃಗದ ಎಲುಬೂ ಸೇರಿದಂತೆ ಹಲವು ಪ್ರಾಣಿಗಳ ಅವಶೇಷ ಅಲ್ಲಿ ದೊರೆತವು. 1891ರಲ್ಲಿ ನಿವೃತ್ತರಾದ ಮೇಲೂ ಕೆಲಸ ನಿಲ್ಲಿಸಲಿಲ್ಲ. ಬರೋಡಾ ಸಂಸ್ಥಾನಕ್ಕೂ ಮೈಸೂರು ಸಂಸ್ಥಾನಕ್ಕೂ ಭೂವಿಜ್ಞಾನಿಯಾಗಿ ದುಡಿದರು. ಬಳಿಕ ಸೇಲಂ ಹತ್ತಿರದ ಏರ್ಕಾಡು ಬೆಟ್ಟದಲ್ಲಿ ನೆಲೆಸಿದರು.

ನಾಲ್ಕು ದಶಕಗಳಲ್ಲಿ ಕೂಡಿಸಿದ ಕಲ್ಲಿನ ಆಯುಧಗಳು, ಮಡಕೆಗಳು, ಮಣಿಗಳು ಅವರ ಬಳಿ ಸಾವಿರಾರು ಇದ್ದವು. ಅವನ್ನು ಇಂಗ್ಲೆಂಡಿಗೆ ಸಾಗಿಸಲಿಲ್ಲ. 1904ರಲ್ಲಿ ಅವು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಮುದಿ ವಯಸ್ಸಿನಲ್ಲಿ ಕೂತು ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಅದು ಯಾವ ಊರಿನಲ್ಲಿ, ಎಂತಹ ಜಾಗದಲ್ಲಿ ಸಿಕ್ಕಿತು ಎಂದು ಪಟ್ಟಿ ಮಾಡಿದರು. ಒಡೆದ ಮಡಕೆಯ ಚೂರನ್ನೂ ಬಿಡಲಿಲ್ಲ. ಆ ಪಟ್ಟಿ ಅಚ್ಚಾಗುವುದನ್ನು ನೋಡಲು ಅವರು ಇರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ಗ್ರಂಥದ ಒಂದು ಭಾಗ 1914ರಲ್ಲಿ, ಇನ್ನೊಂದು 1916ರಲ್ಲಿ ಹೊರಬಂತು. 400ಕ್ಕೂ ಹೆಚ್ಚು ನೆಲೆಗಳು ಅದರಲ್ಲಿವೆ. ನಮ್ಮ ಭಾಗದ ಹಳ್ಳಿಗಳ ಹೆಸರುಗಳೂ ಬಹಳಷ್ಟಿವೆ. ಅವರು ಕಂಡ ನೆಲೆಗಳಲ್ಲೊಂದು ಮಸ್ಕಿ. ಅವರು ತೀರಿಕೊಂಡ ಮೇಲೆ, 1915ರಲ್ಲಿ, ಅಲ್ಲೇ ಅಶೋಕನ ಹೆಸರುಳ್ಳ ಶಾಸನ ಬೆಳಕಿಗೆ ಬಂತು. ಅದನ್ನು ಕಂಡವರೂ ಚಿನ್ನ ಹುಡುಕುತ್ತಾ ಬಂದ ಬೀಡನ್ ಎಂಬವರೇ.

ಫೂಟ್ ಅವರನ್ನು ದೇವರಂತೆ ಪೂಜಿಸಬೇಕಾಗಿಲ್ಲ. ಅವರು ಪರದೇಶದ ಸರ್ಕಾರದ ನೌಕರ. ಅವರ ನಕ್ಷೆಗಳಿಂದ ಮೊದಲು ಲಾಭವಾದದ್ದು ಆಳುವವರಿಗೆ ಮತ್ತು ಗಣಿ ಕಂಪನಿಗಳಿಗೆ. ಅವರ ಡೇರೆ ಹೊತ್ತವರು, ಬಂಡಿ ಹೊಡೆದವರು, ದಾರಿ ತೋರಿದವರು ನಮ್ಮ ಹಳ್ಳಿಗಳ ಜನ. ಅವರ ಹೆಸರುಗಳು ಗ್ರಂಥಗಳಲ್ಲಿ ಉಳಿಯಲಿಲ್ಲ. ಹಳೆ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ಮನುಷ್ಯನಿಲ್ಲದ ದೀರ್ಘ ಅಂತರವಿತ್ತು ಎಂಬ ಅವರ ಅಭಿಪ್ರಾಯವೂ ಮುಂದೆ ನಿಲ್ಲಲಿಲ್ಲ. ಆದರೂ ಕಂಡದ್ದನ್ನು ಕಂಡಂತೆ, ಕಂಡ ಜಾಗದ ಹೆಸರಿನೊಂದಿಗೆ ಬರೆದಿಡುವ ಅವರ ಶಿಸ್ತು ದೊಡ್ಡದು. ಅದರಿಂದಲೇ ಅವರ ತಪ್ಪನ್ನು ತಿದ್ದಲೂ ಸಾಧ್ಯವಾಯಿತು.

ನಮ್ಮ ಪಾಲಿನ ಕೆಲಸ

ಇಂದು ಆ ಜಾಗಗಳ ಸ್ಥಿತಿ ನಮಗೆಲ್ಲ ತಿಳಿದದ್ದೇ. ಬೂದಿ ದಿಬ್ಬಗಳನ್ನು ಗೊಬ್ಬರಕ್ಕೆಂದು ಹೇರಿಕೊಂಡು ಹೋದದ್ದುಂಟು. ಗುಡ್ಡಗಳನ್ನು ಜಲ್ಲಿಗಾಗಿ ಒಡೆದದ್ದುಂಟು. ಸಂಡೂರಿನ ಬೆಟ್ಟಗಳ ಅದಿರು ಲಾರಿಯ ಮೇಲೆ ಹೋಗಿ, ಕೆಂಪು ಧೂಳು ಹೊಲದ ಬೆಳೆಯ ಮೇಲೆ ಕೂತು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಬೇಕಾಯಿತು. ಗಣಿಯಿಂದ ಊಟ ಮಾಡಿದ ಮನೆಗಳೂ ನಮ್ಮಲ್ಲಿವೆ, ಗಣಿಯಿಂದ ಬಾವಿ ಕಳೆದುಕೊಂಡ ಮನೆಗಳೂ ಇವೆ. ಇದರಲ್ಲಿ ಯಾರನ್ನೂ ಹಳಿಯುವುದು ಈ ಬರಹದ ಉದ್ದೇಶವಲ್ಲ. ಆದರೆ ಒಮ್ಮೆ ಒಡೆದ ಪದರವನ್ನು ಮತ್ತೆ ಕೂಡಿಸಲಾಗದು. 250 ಕೋಟಿ ವರ್ಷಕ್ಕೂ ಹಳೆಯದಾದ ಬೆಟ್ಟವನ್ನಾಗಲಿ ಐದು ಸಾವಿರ ವರ್ಷದ ದೊಡ್ಡಿಯನ್ನಾಗಲಿ ಮುಂದಿನವರಿಗೆ ಹೊಸದಾಗಿ ಮಾಡಿಕೊಡಲು ನಮ್ಮಿಂದಾಗದು. ಉಳಿಸುವುದೋ ಒಡೆಯುವುದೋ ಎಂದು ನಿರ್ಧರಿಸುವ ಮೊದಲು ಅದು ಏನೆಂದಾದರೂ ತಿಳಿದಿರಬೇಕು.

ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲೇ ಸಂಗನಕಲ್ಲು ಪ್ರಾಚ್ಯವಸ್ತು ಸಂಗ್ರಹಾಲಯವಿದೆ. ಶಿಕ್ಷಕ ಬಂಧುಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ವಿನಂತಿ. ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ: ಈ ಸುವರ್ಣ ವರ್ಷದ ನೆನಪಿಗೆ ನಮ್ಮ ಶಾಲೆಯಲ್ಲಿ ಒಂದು ಗಾಜಿನ ಕಪಾಟು ಮಾಡಿಸೋಣ. ಅದರಲ್ಲಿ ನಮ್ಮ ಹೋಬಳಿಯ ಗ್ರಾನೈಟು, ಕರಿಕಲ್ಲು, ಬೆಣಚುಕಲ್ಲು, ಅದಿರು, ಎರೆ ಮತ್ತು ಮಸಾರಿ ಮಣ್ಣು ಇರಲಿ. ಹಳೆಯ ಆಯುಧವೋ ಮಡಕೆಯೋ ಕಂಡರೆ ಎತ್ತಿ ತರುವುದು ಬೇಡ, ಇದ್ದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸೋಣ. ಪ್ರತಿ ಕಲ್ಲಿನ ಕೆಳಗೆ ಒಂದು ಚೀಟಿ ಇರಲಿ. ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ತಂದ ಮಗುವಿನ ಹೆಸರು, ಅಷ್ಟು ಸಾಕು. ಫೂಟ್ ಅವರ ಬಂಡಿ ಹೊಡೆದವರ ಹೆಸರು ಉಳಿಯಲಿಲ್ಲ. ನಮ್ಮ ಮಕ್ಕಳ ಹೆಸರಾದರೂ ಉಳಿಯಲಿ.